ಮೂರನೇ ಪಂಪು ಇಲ್ಲದ ಡಿಶ್

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಪ್ರಯೋಗಾಲಯದ ಹದಿನೇಳನೇ ನಂಬರಿನ ಡಿಶ್‌ನಲ್ಲಿ ಇದ್ದದ್ದು ಹದಿನೇಳನೇ ನಂಬರಿನ ಕೋಶಗಳಲ್ಲ.

ಸಂಸ್ಥೆಯ ವಿಚಕ್ಷಣಾಧಿಕಾರಿ ಬಂದಾಗ ಸಂಶೋಧಕಿ ಸೂಕ್ಷ್ಮದರ್ಶಕದ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಬದಲಾಗಿದೆ ಅಂತ ಹೇಗೆ ಹೇಳ್ತೀರಿ?"

"ಪಂಪು ಹೇಳುತ್ತೆ ಸಾರ್. ಕೋಶದೊಳಗೆ ನುಗ್ಗೋ ಸೋಡಿಯಂ ಹೊರಗೆ ಹಾಕೋ ಪ್ರೋಟೀನು. ಮೊದಲನೇ ಬಗೆ ಎಲ್ಲಾ ಕಡೆ ಇರುತ್ತೆ. ಮೂರನೇದು ನರಕೋಶದ್ದು. ಎರಡನೇದು ನರಕೋಶನ ನೋಡಿಕೊಳ್ಳೋ ಗ್ಲಿಯಾ ಕೋಶದ್ದು. ಇಲ್ಲಿರಬೇಕಾದ್ದು ನರಕೋಶ. ಆದ್ರೆ ಎರಡನೇದು ತುಂಬಿದೆ, ಮೂರನೇದು ಹುಡುಕಿದ್ರೂ ಇಲ್ಲ!"

"ಹದಿನೇಳು ಅಂದ್ರೆ ಯಾರು?"

"ಮೂರನೇ ಪಂಪು ಇದ್ದೂ ಸರಿಯಾಗಿ ಓಡದೆ ತೀರಿಕೊಂಡ ಮಗು. ಅದರ ಚರ್ಮದಿಂದ ಬೆಳೆಸಿದ ನರಕೋಶ. ಫ್ರೀಜರ್ ಕೆಟ್ಟ ಮೇಲೆ ಉಳಿದದ್ದು ಇದೊಂದೇ ಡಿಶ್. ಹೆಸರು, ಗಂಡೋ ಹೆಣ್ಣೋ — ಎಲ್ಲಾ ಮೊಹರು ಹಾಕಿದ ಲಕೋಟೆಯಲ್ಲಿ."

"ಇವತ್ತು ಏನು ಮಾಡೋರಿದ್ರಿ?"

"ಅಷ್ಟಿಷ್ಟು ಓಡೋ ಪಂಪನ್ನೂ ನಿಲ್ಲಿಸೋ ವಿಷ ಹಾಕೋದು. ಹೊಸ ಔಷಧಿ ಕಾಪಾಡುತ್ತಾ ನೋಡೋದು."

ಕೋಣೆಯ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಸಂಶೋಧಕಿ, ಮತ್ತು ಡಿಶ್‌ಗಳ ದ್ರವ ಬದಲಿಸುವ ಸಹಾಯಕಿ. ಎಲ್ಲರ ಬಾಯಲ್ಲೂ ಆಕೆ 'ಅಕ್ಕ'. ಕೆಲಸಕ್ಕೆ ಸೇರಿ ಏಳು ತಿಂಗಳು. ಅಧಿಕಾರಿ ಆಕೆಯನ್ನು ಕರೆಸಿದರು.

"ಅಕ್ಕ, ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ಸಂಜೆ ನಾಲ್ಕಕ್ಕೆ. ಚೆನ್ನಾಗೇ ಇದ್ಲು."

"ಬೇರೆ ಯಾರಾದ್ರೂ ಒಳಗೆ ಹೋದ್ರಾ?"

"ನಾನೇನು ಬಾಗಿಲು ಕಾಯ್ತಾ ಕೂತಿದ್ನಾ? ಈ ಮೇಡಂ ಕೀಲಿ ಎಲ್ಲೆಲ್ಲೋ ಬಿಟ್ಟು ಹೋಗೋದು ಊರಿಗೇ ಗೊತ್ತು."

ಸಂಶೋಧಕಿಯ ಮುಖ ಕೆಂಪೇರಿತು. ಅಧಿಕಾರಿ ಟಿಪ್ಪಣಿ ಪುಸ್ತಕ ಮುಚ್ಚಿದರು.

"ಅಕ್ಕ, ಇಲ್ಲಿ ಎಲ್ಲರೂ ಡಿಶ್‌ಗೆ 'ಅದು' ಅಂತಾರೆ. ನೀವು 'ಇದ್ಲು' ಅಂದ್ರಿ. ಲಕೋಟೆ ಇನ್ನೂ ಒಡೆದಿಲ್ಲ. ಹೆಣ್ಣುಮಗು ಅಂತ ನಿಮಗೆ ಹೇಳಿದ್ಯಾರು?"

ಆಕೆ ಕೈಗವಸು ಕಳಚಿದಳು. ಒಂದೊಂದೇ ಬೆರಳು.

"ಯಾರು ಹೇಳ್ಬೇಕು ಸಾರ್? ಹೆತ್ತವಳು ನಾನು. ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಂಡ ಕಾಗದದಲ್ಲಿ ನಂಬರಿತ್ತು. ಪಕ್ಕದ ಗ್ಲಿಯಾ ಡಿಶ್‌ಗೆ ಹದಿನೇಳು ಅಂತ ಬರೆದ ಅವಳ ಮುಚ್ಚಳ ಹಾಕ್ದೆ. ನನ್ನ ಕಣ್ಣಿಗೆ ಎಲ್ಲಾ ಒಂದೇ ಥರ ಕಂಡ್ವು."

"ನನಗೆ ಒಂದು ಮಾತು ಹೇಳಿದ್ರೆ—" ಎಂದಳು ಸಂಶೋಧಕಿ.

"ಹೇಳಿದ್ರೆ? ವಿಷ ಹಾಕೋದು ಬಿಡ್ತಿದ್ರಾ? ಅವಳು ಹೋಗೋದನ್ನ ಒಂದು ಸಲ ನೋಡಿದೀನಿ ತಾಯಿ. ಇನ್ನೊಂದು ಸಲ ನನ್ನ ಕೈಲಾಗಲ್ಲ."

"ಈಗ ಎಲ್ಲಿದೆ?" ಎಂದರು ಅಧಿಕಾರಿ. ತಿದ್ದಿಕೊಂಡರು. "ಎಲ್ಲಿದಾಳೆ?"

"ಮನೇಲಿ. ಬಿಸಿನೀರಿನ ಚೀಲದ ಮೇಲೆ ಇಟ್ಟಿದೀನಿ. ಬೆಚ್ಚಗಿದಾಳೆ."

ಸಂಶೋಧಕಿ ಗಡಿಯಾರ ನೋಡಿದಳು. ಅಂಥ ಕೋಶಗಳಿಗೆ ಶಾಖವೊಂದೇ ಸಾಲದು. ಸುತ್ತಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡೂ ಅಳತೆಯಷ್ಟೇ ಇರಬೇಕು.

ಹನ್ನೊಂದೂವರೆಗೆ ಡಿಶ್ ವಾಪಸ್ ಬಂತು. ಜೀವ ಇದ್ದ ಕೋಶ ಒಂದೂ ಇರಲಿಲ್ಲ. ಅಕ್ಕನನ್ನು ಕೂರಿಸಿ ಅದನ್ನು ಹೇಳಿದ್ದು ಸಂಶೋಧಕಿ.