ಹಾವಿಗೆ ಎರಡು, ಮನುಷ್ಯನಿಗೆ ಮೂರು

ಆರ್ವಿಲ್ ಟ್ಯಾಕೆಟ್ ನೀರಿನ ತೊಟ್ಟಿಯ ಪಕ್ಕ ಅಂಗಾತ ಮಲಗಿದ್ದ. ಅವನ ಹುಲ್ಲಿನ ಟೊಪ್ಪಿ ಮುಖವನ್ನು ಪೂರ್ತಿ ಮುಚ್ಚಿತ್ತು. ಸೋಮವಾರ, ಬಿಸಿಲು ನೆತ್ತಿಗೆ ಬಂದ ಹೊತ್ತು. ನಿದ್ದೆ ಮಾಡುತ್ತಿದ್ದಾನೆಂದೇ ನಾನು ತಿಳಿದೆ.

“ಏನಯ್ಯ ಮದುಮಗ, ಈಗಲೇ ಸುಸ್ತಾದ್ಯಾ?” ಎಂದು ಗಾಡಿಯಿಂದ ಸಲಕರಣೆ ಇಳಿಸುತ್ತ ಕೂಗಿದೆ.

ಟೊಪ್ಪಿ ಅಲುಗಲಿಲ್ಲ. ಹತ್ತಿರ ಹೋದೆ. ಪಕ್ಕೆಲುಬಿನ ಕೆಳಗೆ ಅಂಗಿಯಲ್ಲಿ ಒಂದೇ ಒಂದು ತೂತು, ಪೆನ್ಸಿಲ್ ತೂರುವಷ್ಟು. ಸುತ್ತ ರಕ್ತ ಆಗಲೇ ಒಣಗುತ್ತಿತ್ತು. ಅವನ ಬಲಗೈಯಿಂದ ಒಂದು ಮೊಳ ದೂರದಲ್ಲಿ, ಸಿಮೆಂಟಿನ ಮೇಲೆ, ಅಂಗೈಯಲ್ಲಿ ಅಡಗುವಷ್ಟು ಪುಟ್ಟ ರಿವಾಲ್ವರ್ ಬಿದ್ದಿತ್ತು.

ನಾನು ವೇಡ್ ಹಾಲ್ಕಮ್. ಪಶ್ಚಿಮ ಟೆಕ್ಸಸ್‌ನ ಈ ಒಣನೆಲದಲ್ಲಿ ಗಾಳಿಯಂತ್ರ ರಿಪೇರಿ ಮಾಡುತ್ತ ಮೂವತ್ತು ವರ್ಷ ಕಳೆದವನು. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ಇಪ್ಪತ್ತು ಮೈಲಿ. ವಾರಗಟ್ಟಲೆ ಮನುಷ್ಯರ ದನಿ ಕೇಳದವರ ಹತ್ತಿರ ಹೋಗಿ, ನಟ್ಟು ಬಿಗಿದು, ಕಾಫಿ ಕುಡಿದು, ಅವರು ಕೂಡಿಟ್ಟುಕೊಂಡ ಮಾತನ್ನೆಲ್ಲ ಕೇಳಿ ಬರುವುದು ನನ್ನ ಕಸುಬಿನ ಅರ್ಧ ಭಾಗ. ಆರ್ವಿಲ್ ಈ ದನದ ರಾಂಚಿನಲ್ಲಿ ಇಪ್ಪತ್ತಾರು ವರ್ಷದಿಂದ ಒಂಟಿಯಾಗಿ ಕಾವಲಿದ್ದ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನಿಗೆ ಮದುವೆ ಗೊತ್ತಾಗಿತ್ತು. ಇನ್ನು ಹನ್ನೆರಡು ದಿನಕ್ಕೆ ಗಂಟುಮೂಟೆ ಕಟ್ಟಿ, ತೊಂಬತ್ತು ಮೈಲಿ ದೂರದ ಊರಿನಲ್ಲಿ ಲುಸಿಂಡಾ ಎಂಬ ವಿಧವೆಯ ಮನೆ ಸೇರುವವನಿದ್ದ.

ಅವನ ಅಡುಗೆಮನೆಯ ಫೋನಿನಿಂದ ಮೊದಲು ಶೆರಿಫ್ ಡೌಡಿಗೆ ತಿಳಿಸಿದೆ. ಆಮೇಲೆ ಆಲ್ಮಾ ರೆನ್‌ಫ್ರೋ ಅವರಿಗೆ.

ಆಲ್ಮಾ ಮೂವತ್ತೆರಡು ವರ್ಷ ದನಗಳ ಬರೆಗುರುತು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿದ್ದವರು. ಕಳ್ಳರು ಹಳೆಯ ಗುರುತಿನ ಮೇಲೆ ಹೊಸ ಬರೆ ಎಳೆದರೆ, ತೊಗಲನ್ನು ಬೆರಳಲ್ಲಿ ಸವರಿ ಅಡಿಯಲ್ಲಿದ್ದುದನ್ನು ಓದುತ್ತಿದ್ದರು. ನಿವೃತ್ತಿಯಾದ ಮೇಲೂ ನಮ್ಮ ಕೌಂಟಿಯಲ್ಲಿ ಏನಾದರೂ ಅರ್ಥವಾಗದ್ದು ನಡೆದರೆ ಅವರಿಗೇ ಕರೆ ಹೋಗುತ್ತಿತ್ತು. ಎಷ್ಟೋ ಸಲ ನಾನೇ ಅವರ ಸಾರಥಿ.

ಅವರು ಬರುವಷ್ಟರಲ್ಲಿ ಶೆರಿಫ್ ತೀರ್ಮಾನಕ್ಕೆ ಬಂದಾಗಿತ್ತು.

“ಆಕಸ್ಮಿಕ, ಮಿಸ್ ಆಲ್ಮಾ. ಕೈ ತೊಳೆಯೋಕೆ ಬಗ್ಗಿದಾನೆ, ಅಂಗಿ ಜೇಬಿನ ಆಟಿಕೆ ಜಾರಿ ಸಿಮೆಂಟಿಗೆ ಬಿದ್ದಿದೆ, ಢಂ ಅಂದಿದೆ. ಊರೆಲ್ಲ ಹೇಳಿತ್ತು, ಅದನ್ನ ಜೇಬಲ್ಲಿ ಇಟ್ಕೋಬೇಡ ಮಾರಾಯ ಅಂತ.”

“ಯಾರಾದ್ರೂ ಅದನ್ನ ಮುಟ್ಟಿದ್ರಾ?”

“ಇಲ್ಲ. ಹಿಂದಿನಿಂದ ನೋಡ್ದೆ. ಐದು ತೋಟಾದಲ್ಲಿ ಒಂದು ಹಾರಿದೆ. ಸಾಕಲ್ಲ?”

ಆಲ್ಮಾ ಮಂಡಿಯೂರಿ ರಿವಾಲ್ವರನ್ನು ಬಹಳ ಹೊತ್ತು ನೋಡಿದರು. ತೋಟಾದ ಬೆನ್ನಿಗೆ ಬಡಿಯುವ ಕುದುರೆ, ತೋಟಾ ತುಂಬುವ ಉರುಳೆಯ ಎರಡು ಮನೆಗಳ ನಡುವಿನ ಕಚ್ಚಿನಲ್ಲಿ ಕೂತಿತ್ತು. ಕೂತ ಜಾಗ ನನಗೂ ತೋರಿಸಿದರು. ಆಮೇಲೆ ನಡುಗೂಟ ಎಳೆದು ಉರುಳೆಯನ್ನು ಹೊರತೆಗೆದರು. ಆ ಜಾತಿಯ ರಿವಾಲ್ವರಿನಲ್ಲಿ ತೋಟಾದ ಮುಂಭಾಗ ಕಾಣಬೇಕಾದರೆ ಅಷ್ಟು ಮಾಡಲೇಬೇಕು. ಹಾರಿದ ತೋಟಾದ ಖಾಲಿ ಚಿಪ್ಪನ್ನು ಗೂಟದಿಂದ ಚುಚ್ಚಿ ಬೀಳಿಸಿ ನನ್ನ ಅಂಗೈಗೆ ಹಾಕಿದರು.

“ಬಾಯಿ ನೋಡು.”

“ಹೂವಿನ ಥರ ಅರಳಿದೆ,” ಎಂದೆ.

“ಹ್ಞೂಂ. ಉಳಿದ ನಾಲ್ಕು?”

“ಒಂದರ ಮೂತಿ ಮೊಗ್ಗಿನಂತೆ ಮಡಿಸಿದೆ. ಮೂರರಲ್ಲಿ ಸೀಸದ ಗುಂಡು.”

ಆರ್ವಿಲ್‌ನ ಲೆಕ್ಕ ನಮಗೆಲ್ಲ ಬಾಯಿಪಾಠ. ಹಾವು ಇಲಿಗಳಿಗೆಂದು ಮೊದಲ ಎರಡು ಮನೆಗೆ ಸಾಸಿವೆಯಂಥ ಚರೆ ತುಂಬಿದ ತೋಟಾ. ಬಂದೂಕು ಗಾಡಿಯಲ್ಲೇ ಉಳಿದಾಗ ಯಾರಾದರೂ ಎದುರಾದರೆ ಇರಲೆಂದು ಉಳಿದ ಮೂರಕ್ಕೆ ಗುಂಡು. “ಹಾವಿಗೆ ಎರಡು, ಮನುಷ್ಯನಿಗೆ ಮೂರು. ಹಾವೇ ಜಾಸ್ತಿ ಬರೋದು, ಮನುಷ್ಯ ಎಲ್ಲಿ ಬರ್ತಾನೆ ಇಲ್ಲಿಗೆ?” ಎಂದು ಅವನು ನಗುತ್ತಿದ್ದ.

ಅವನ ಪ್ಯಾಂಟಿನ ಜೇಬಿನಲ್ಲಿ ಒಂದು ಗಿಲಕಿ ಸಿಕ್ಕಿತು. ಗಿಲಕಿ ಹಾವಿನ ಬಾಲದಿಂದ ಕೊಯ್ದದ್ದು, ಹನ್ನೊಂದು ಗಂಟು, ಬುಡದ ಮಾಂಸ ಇನ್ನೂ ಹಸಿಯಾಗಿತ್ತು. ಪಂಪ್ ಮನೆಯ ಹಿಂದೆ ಹಾವೂ ಸಿಕ್ಕಿತು, ತಲೆ ಜರಡಿಯಾಗಿತ್ತು. ಪಕ್ಕದ ಹಲಗೆಯಲ್ಲಿ ಚರೆಯ ಗುರುತು ಮೆಣಸಿನ ಪುಡಿ ಎರಚಿದಂತೆ. ಮನೆಯೊಳಗೆ ಕಿಟಕಿಯ ಮೇಲಿನ ಗಾಜಿನ ಭರಣಿಯಲ್ಲಿ ಅವನು ಇಪ್ಪತ್ತಾರು ವರ್ಷ ಕೂಡಿಟ್ಟ ಗಿಲಕಿಗಳಿದ್ದವು. ಆಲ್ಮಾ ಅವನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೂ ನೋಡಿದರು.

“ಒಂಬತ್ತು ಗಂಟು ದಾಟಿದ್ದು ಒಂದೂ ಇಲ್ಲ,” ಎಂದರು. “ಪಾಪ, ಇವತ್ತು ಖುಷಿಯಾಗಿದ್ದಿರಬೇಕು.” ನಂತರ ಶೆರಿಫ್‌ನ ಕಡೆ ತಿರುಗಿದರು. “ಡೌಡಿ, ಹಾವಿನ ಸುದ್ದಿ ನಮ್ಮ ಮೂವರಲ್ಲೇ ಇರಲಿ. ದೇಹವನ್ನ ಡಾಕ್ಟರ್ ಹತ್ತಿರ ಕಳಿಸು. ಒಳಗಿರೋದು ಏನು ಅಂತ ತೆಗೆದು ನೋಡಲಿ.”

ವಾಪಸ್ಸು ಬರುವಾಗ ಕೇಳಿದರು, “ಟೊಪ್ಪಿ ಹೇಗಿತ್ತು ಅಂದೆ?”

“ಮುಖದ ಮೇಲೆ. ನೆಟ್ಟಗೆ. ಬಿಸಿಲು ಬೀಳದ ಹಾಗೆ.”

ಅವರು ತಮ್ಮ ಟೊಪ್ಪಿಯನ್ನು ತೊಡೆಯ ಮೇಲಿಟ್ಟು, ಅದರ ಅಂಚನ್ನು ಬೆರಳಲ್ಲಿ ಸವರಿದರು.

ಮರುದಿನ ಮೊದಲು ರಾಂಚಿನ ಮ್ಯಾನೇಜರ್ ಕರ್ಟಿಸ್ ಬೋಲ್‌ನ ಹತ್ತಿರ ಹೋದೆವು. ಹೋದ ವಾರ ಅವನಿಗೂ ಆರ್ವಿಲ್‌ಗೂ ಅಂಗಡಿಯ ಮುಂದೆಯೇ ಜಗಳವಾಗಿತ್ತು.

“ಹೌದು, ಬೈದೆ,” ಎಂದ ಬೋಲ್. “ಕರು ಹಾಕೋ ಕಾಲಕ್ಕೆ ಸರಿಯಾಗಿ ಮದುವೆ ಅಂತ ಕುಣಿದ್ರೆ ಮುತ್ತು ಕೊಡ್ಲಾ? ನಿನ್ನೆ ನಾನು ದನದ ಹರಾಜಿಗೆ ಹೋಗಿದ್ದೆ. ಸಾಕ್ಷಿ ಕೇಳಬೇಡಿ, ಒಬ್ಬನೇ ಹೋದೆ, ಒಬ್ಬನೇ ಬಂದೆ. ಈ ಸೀಮೇಲಿ ಯಾರಿಗೆ ಸಾಕ್ಷಿ ಇರುತ್ತೆ?”

ಮಧ್ಯಾಹ್ನ ರಾಯ್ಸ್ ಟಿಲ್‌ಮನ್‌ನ ಮನೆ. ಆರ್ವಿಲ್‌ನ ಮನೆಯಿಂದ ಹದಿನೆಂಟು ಮೈಲಿ ದಕ್ಷಿಣಕ್ಕೆ ಅವನದೂ ಅದೇ ಕೆಲಸ, ಅದೇ ಒಂಟಿ ಬಾಳು. ಇಪ್ಪತ್ತಾರು ವರ್ಷ ಪ್ರತಿ ಗುರುವಾರ ಇಬ್ಬರೂ ಕೂತು ಡೊಮಿನೊ ಆಡಿದವರು. ಪುಟ್ಟ ರಿವಾಲ್ವರುಗಳನ್ನೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಜೋಡಿಯಾಗಿ ಕೊಂಡವರು. ನಾವು ಹೋದಾಗ ಮೇಜಿನ ಮೇಲೆ ಆಟ ಹರಡಿತ್ತು. ಎರಡೂ ಕಡೆಯ ಆಟವನ್ನು ಅವನೇ ಆಡುತ್ತಿದ್ದ.

“ಬಾರಯ್ಯ ವೇಡ್. ಕೂತ್ಕೊಳಿ ಮಿಸ್ ಆಲ್ಮಾ. ಕಾಫಿ ಕಹಿ, ಬೈಕೊಂಡು ಕುಡೀರಿ.” ಬಟ್ಟಲುಗಳನ್ನು ಆಟದ ಬಿಲ್ಲೆಗಳ ಪಕ್ಕ ಇಟ್ಟ. “ಶೆರಿಫ್ ಫೋನ್ ಮಾಡಿದ್ದ. ನಾನು ಗುರುವಾರ ನೋಡಿದ್ದೇ ಕೊನೆ. ಆಮೇಲೆ ಆ ಕಡೆ ಹೋಗಿಲ್ಲ.”

“ಮದುವೆ ವಿಚಾರ ನಿನಗೆ ಯಾವಾಗ ಹೇಳಿದ?”

“ಗುರುವಾರವೇ. ಆಟದ ಮಧ್ಯೆ, ಏನೋ ಮಳೆ ಬಂತು ಅನ್ನೋ ಹಾಗೆ ಹೇಳ್ದ. ಎಪ್ಪತ್ತೊಂದರ ಮುದುಕನಿಗೆ ಮದುವೆ! ಹಲ್ಲಿಲ್ಲದೋನಿಗೆ ಕಡಲೆ ಸಿಕ್ಕಿತು ಅಂತ ನಕ್ಕೆ.” ಅವನು ನಗಲಿಲ್ಲ. “ಜೇಬಿನ ರಿವಾಲ್ವರ್ ಬಿದ್ದು ಹಾರಿ ಸತ್ತ ಅಂತೀರಿ. ಅಂಥಾ ಎಚ್ಚರದ ಮನುಷ್ಯ. ಹನ್ನೊಂದು ಗಂಟಿನ ಹಾವನ್ನ ಒಂದೇ ಏಟಿಗೆ ಮಲಗಿಸಿದೋನು, ತನ್ನ ಜೇಬಿಗೇ ಬಲಿಯಾದ ಅಂದ್ರೆ ಏನು ಹೇಳೋದು.”

ಆಲ್ಮಾ ಕಾಫಿ ಮುಗಿಸಿದರು. ಬಟ್ಟಲನ್ನು ತಾವೇ ತೊಳೆದಿಟ್ಟರು. ಹೊರಗೆ ಬಂದು ಗಾಡಿಯ ಬಾಗಿಲು ಹಿಡಿದು ಆರ್ವಿಲ್‌ನ ಮನೆಯ ದಿಕ್ಕಿಗೆ ನೋಡಿದರು. ಸುತ್ತ ನೋಡಿದರೆ ಎಲ್ಲೆಲ್ಲೂ ಮುಳ್ಳುಪೊದೆ. ಒಂದು ಹೊಗೆಯಿಲ್ಲ, ಒಂದು ಬೇಲಿಯಿಲ್ಲ.

ಗುರುವಾರ ಬೆಳಿಗ್ಗೆ ಆರ್ವಿಲ್‌ನನ್ನು ಮಣ್ಣು ಮಾಡಿದೆವು. ಚರ್ಚಿನ ಹಿಂದಿನ ಕೋಣೆಯಲ್ಲಿ ಊಟವಿತ್ತು. ಹುರಳಿಕಾಯಿ, ಮಾಂಸ, ಜೋಳದ ರೊಟ್ಟಿ. ತಿಂದವರು ಕಡಿಮೆ. ಬಂದಿದ್ದವರೂ ಕಡಿಮೆ. ಊಟದ ನಂತರ ಆಲ್ಮಾ ಐದು ಜನರನ್ನು ಉಳಿಸಿಕೊಂಡರು: ಶೆರಿಫ್, ಬೋಲ್, ರಾಯ್ಸ್, ಲುಸಿಂಡಾ, ನಾನು. ಲುಸಿಂಡಾ ಅರವತ್ತು ದಾಟಿದ ಪುಟ್ಟ ಹೆಂಗಸು. ಮದುವೆಗೆಂದು ಹೊಲಿಸಿದ ನೀಲಿ ಉಡುಪನ್ನೇ ಉಟ್ಟು ಬಂದಿದ್ದರು.

“ಇದು ಆಕಸ್ಮಿಕ ಅಲ್ಲ,” ಎಂದರು ಆಲ್ಮಾ, ರಿವಾಲ್ವರನ್ನು ಮೇಜಿನ ಮೇಲಿಡುತ್ತ. “ಬಿದ್ದು ಹಾರಿದ್ರೆ ಇದರ ಕುದುರೆ ಹಾರಿದ ತೋಟಾದ ಮೇಲೇ ಇರಬೇಕು. ಇದು ಕಚ್ಚಿನಲ್ಲಿ ಕೂತಿತ್ತು. ಹೊಡೆದಾದ ಮೇಲೆ ಆರ್ವಿಲ್ ತನ್ನ ಕೈಯಾರೆ ಕೂರಿಸಿದಾನೆ, ದಿನಾ ಮಾಡೋ ಹಾಗೆ. ಎರಡನೇದು, ಹಾರಿದ ತೋಟಾ ಚರೆಯದು. ಅದರ ಬಾಯಿ ಮೊಗ್ಗಿನ ಹಾಗೆ ಮಡಿಸಿರುತ್ತೆ, ಹಾರಿದ ಮೇಲೆ ಅರಳುತ್ತೆ. ನೆಲದಿಂದ ಎದೆ ಮುಟ್ಟೋ ಹೊತ್ತಿಗೆ ಚರೆ ಅಂಗೈ ಅಗಲ ಹರಡುತ್ತೆ. ಅವನ ಮೈಯಲ್ಲಿ ಇದ್ದದ್ದು ಒಂದೇ ತೂತು. ಡಾಕ್ಟರ್ ಅದರಿಂದ ಸೀಸದ ಗುಂಡು ತೆಗೆದರು.”

“ಹಾಗಾದ್ರೆ ಆ ಚರೆ ಎಲ್ಲಿಗೆ ಹೋಯ್ತು?” ಎಂದ ಬೋಲ್.

“ಹಾವಿಗೆ. ಪಂಪ್ ಮನೆ ಹಿಂದೆ. ಅದರ ಗಿಲಕಿ ಕೊಯ್ದು ಜೇಬಿಗೆ ಹಾಕ್ಕೊಂಡಿದ್ದ. ಸತ್ತವನು ಗಿಲಕಿ ಕೊಯ್ಯಲ್ಲ. ಅಂದ್ರೆ ಈ ರಿವಾಲ್ವರ್ ಹಾರಿದ ಮೇಲೂ ಆರ್ವಿಲ್ ಬದುಕಿದ್ದ. ಅವನನ್ನ ಕೊಂದಿದ್ದು ಬೇರೆ ಆಯುಧ. ಕೊಂದವರು ಜೇಬಿನಿಂದ ಇದನ್ನ ತೆಗೆದು ಪಕ್ಕದಲ್ಲಿ ಇಟ್ರು. ಹಾವು ಹೊಡೆದು ಒಂದು ತೋಟಾ ಖಾಲಿಯಾಗಿದೆ ಅಂತ ಅವರಿಗೆ ಗೊತ್ತಿತ್ತು. ಖಾಲಿ ಅಂದ್ರೆ ಖಾಲಿ, ಯಾರು ಬಾಯಿ ನೋಡ್ತಾರೆ ಅಂದುಕೊಂಡ್ರು.”

ಶೆರಿಫ್ ಬೋಲ್‌ನ ಕಡೆ ನೋಡಿದ. ಬೋಲ್ ಕುರ್ಚಿಯಿಂದ ಅರ್ಧ ಎದ್ದ.

“ಕೂತ್ಕೋ ಕರ್ಟಿಸ್. ನೀನಾಗಿದ್ರೆ ಬಿಟ್ಟು ಓಡ್ತಿದ್ದೆ. ಇಲ್ಲಿ ಕೊಂದವರು ನಿಂತು, ಸತ್ತವನ ಮುಖಕ್ಕೆ ಬಿಸಿಲು ಬೀಳಬಾರದು, ಹದ್ದು ಕುಕ್ಕಬಾರದು ಅಂತ ಟೊಪ್ಪಿ ಮುಚ್ಚಿ ಹೋಗಿದಾರೆ.” ಆಲ್ಮಾರ ದನಿ ತಗ್ಗಿತು. “ರಾಯ್ಸ್, ಹನ್ನೊಂದು ಗಂಟು ಅಂತ ನಿನಗೆ ಹೇಗೆ ಗೊತ್ತಾಯ್ತು? ಅವನು ಜೀವಮಾನದಲ್ಲಿ ಹೊಡೆದ ಹನ್ನೊಂದು ಗಂಟಿನ ಹಾವು ಅದೊಂದೇ. ಸೋಮವಾರ ಬೆಳಿಗ್ಗೆ.”

ರಾಯ್ಸ್ ಮೇಜಿನ ಮೇಲಿದ್ದ ಆರ್ವಿಲ್‌ನ ರಿವಾಲ್ವರನ್ನೇ ನೋಡಿದ.

“ನಿನ್ನದು ಕೊಡು,” ಎಂದರು ಆಲ್ಮಾ.

ರಾಯ್ಸ್ ವೇಸ್ಟ್‌ಕೋಟಿನ ಜೇಬಿನಿಂದ ಅದೇ ಜೋಡಿ ರಿವಾಲ್ವರನ್ನು ತೆಗೆದು ಮೇಜಿನ ಮೇಲಿಟ್ಟ. ಶೆರಿಫ್ ಉರುಳೆ ಬಿಚ್ಚಿದ. ಅದರಲ್ಲೂ ಆರ್ವಿಲ್‌ನದೇ ಲೆಕ್ಕ; ಚರೆಯ ಎರಡೂ ತೋಟಾ ಹಾಗೇ ಇದ್ದವು. ಹಾರಿದ್ದು ಗುಂಡಿನದು.

“ಖಾಲಿದನ್ನ ತೆಗೀಬೇಕು ಅಂತ ಮೂರು ಸಲ ಕೂತೆ,” ಎಂದ ರಾಯ್ಸ್. “ಗೂಟ ಎಳೆಯೋಕೆ ಕೈ ಬರಲಿಲ್ಲ.”

“ಸೋಮವಾರ ಏನಾಯ್ತು?”

“ಇನ್ನೊಂದು ಸಲ ಕೇಳಿ ನೋಡೋಣ ಅಂತ ಹೋದೆ. ಮಗು ಥರ ಗಿಲಕಿ ಆಡಿಸಿ ತೋರಿಸ್ದ. ಹೋಗಬೇಡ ಕಣೋ ಅಂದೆ. ‘ನೀನೂ ಒಬ್ಬಳನ್ನ ನೋಡ್ಕೋ’ ಅಂತ ನಕ್ಕ. ಆಮೇಲೆ, ಹೇಳಿದ್ದಕ್ಕಿಂತ ನಾಲ್ಕು ದಿನ ಮುಂಚೆಯೇ ಹೋಗ್ತೀನಿ ಅಂದ.” ಅವನು ಯಾರ ಮುಖವನ್ನೂ ನೋಡಲಿಲ್ಲ. “ಕಾಲಿಗೆ ಚರೆ ಹೊಡೀಬೇಕು ಅಂತಿದ್ದೆ. ಮೊಣಕಾಲಿನ ಕೆಳಗೆ. ಎರಡು ವಾರ ಮಂಚದ ಮೇಲೆ ಬಿದ್ದಿರಲಿ, ನಾನೇ ಗಂಜಿ ಕಾಯಿಸಿ ಕೊಡ್ತೀನಿ, ಅಷ್ಟರಲ್ಲಿ ಮನಸ್ಸು ಬದಲಾಗುತ್ತೆ ಅಂತ. ಭಾನುವಾರ ರಿವಾಲ್ವರಿಗೆ ಎಣ್ಣೆ ಸವರಿದೋನು ಉರುಳೆಯನ್ನ ತಿರುಗಾ ಮುರುಗಾ ಕೂರಿಸಿಬಿಟ್ಟಿದ್ದೆ. ಗುಂಡು ಮುಂದೆ ಬಂದಿತ್ತು. ಆ ದರಿದ್ರದ್ದಕ್ಕೆ ಬೆರಳುದ್ದ ನಳಿಗೆ, ಎಲ್ಲಿ ಗುರಿ ನಿಲ್ಲುತ್ತೆ? ಮೇಲಕ್ಕೆ ಒದೀತು.”

“ಫೋನ್ ಮಾಡಬಹುದಿತ್ತಲ್ಲಯ್ಯ!” ಎಂದೆ ನಾನು. ತಡೆಯಲಾಗಲಿಲ್ಲ.

“ಆಗಲೇ ಹೋಗಿದ್ದ, ವೇಡ್. ನನ್ನ ಹೆಸರು ಪೂರ್ತಿ ಹೇಳೋಕೂ ಆಗಲಿಲ್ಲ ಅವನಿಗೆ. ಆಮೇಲೆ ಹೆದರಿಕೆಯಾಯ್ತು. ಹೆದರಿ ಮಾಡಿದ್ದು ಉಳಿದದ್ದೆಲ್ಲ.”

ಲುಸಿಂಡಾ ಎದ್ದರು. ಹೊಡೆಯುತ್ತಾರೇನೋ ಎಂದು ಶೆರಿಫ್ ಮುಂದೆ ಬಂದ. ಅವರು ರಾಯ್ಸ್‌ನ ಎದುರು ನಿಂತು, “ನಮ್ಮ ಮನೇಲಿ ಮೂರು ಕೋಣೆ ಇದೆ,” ಎಂದರು. “ಹಿಂದಿನದು ಖಾಲಿ. ‘ರಾಯ್ಸ್‌ನ ಕರೀಲಾ, ಒಪ್ತಾನೋ ಇಲ್ವೋ, ಹಟಮಾರಿ’ ಅಂತ ಭಾನುವಾರ ಕೇಳಿದ್ದ. ನಾನೇ, ಮದುವೆ ಆಗಲಿ, ಆಮೇಲೆ ಒಟ್ಟಿಗೆ ಹೋಗಿ ಕರೆಯೋಣ ಅಂದೆ.”

ರಾಯ್ಸ್ ಮೇಜಿಗೆ ಹಣೆ ಹಚ್ಚಿದ. ಶೆರಿಫ್ ಬಹಳ ಹೊತ್ತಿನವರೆಗೆ ಅವನನ್ನು ಎಬ್ಬಿಸಲಿಲ್ಲ.

ನ್ಯಾಯಾಲಯದಲ್ಲಿ ಅವನು ಎಲ್ಲವನ್ನೂ ಒಪ್ಪಿಕೊಂಡ. ಹನ್ನೆರಡು ವರ್ಷ ಜೈಲು ಶಿಕ್ಷೆಯಾಯಿತು. ಅವನ ವಯಸ್ಸಿಗೆ ಅದು ಪೂರ್ತಿ ಆಯುಸ್ಸು.

ನವೆಂಬರಿನಲ್ಲಿ ಒಂದು ದಿನ ಆಲ್ಮಾ ಫೋನ್ ಮಾಡಿ ಗಾಡಿ ತೆಗೆಯಲು ಹೇಳಿದರು. ಲುಸಿಂಡಾಗೆ ರಾಯ್ಸ್‌ನನ್ನು ನೋಡಲು ಜೈಲಿಗೆ ಹೋಗಬೇಕಿತ್ತು, ಅವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ದಾರಿ ನಾಲ್ಕು ಗಂಟೆಯದು.

“ಕ್ಷಮಿಸಿದ್ರಾ?” ಎಂದು ದಾರಿಯಲ್ಲಿ ಕೇಳಿದೆ. ಆಲ್ಮಾ ನನ್ನನ್ನು ದುರುಗುಟ್ಟಿ ನೋಡಿದರು.

“ಇಲ್ಲ,” ಎಂದರು ಲುಸಿಂಡಾ. “ಆದ್ರೆ ನನ್ನ ಹತ್ತಿರ ಇರೋದು ಎಂಟು ತಿಂಗಳ ಆರ್ವಿಲ್ ಮಾತ್ರ. ಉಳಿದ ಇಪ್ಪತ್ತಾರು ವರ್ಷದೋನು ಅವನ ಹತ್ತಿರ ಇದಾನೆ. ಇನ್ಯಾರನ್ನ ಕೇಳಲಿ?”

ಭೇಟಿಯ ಕೋಣೆಯ ಬಾಗಿಲಲ್ಲಿ ನಾನೂ ಆಲ್ಮಾ ನಿಂತಿದ್ದೆವು. ಗಾಜಿನ ಆಚೆ ರಾಯ್ಸ್ ಫೋನನ್ನು ಕಿವಿಗೆ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಲುಸಿಂಡಾ ಈಚೆಯ ಫೋನೆತ್ತಿ ಕೇಳಿದರು.

“ಅವನು ಬೀನ್ಸ್‌ಗೆ ಸಕ್ಕರೆ ಹಾಕ್ತಿದ್ದ. ಮೊದಲಿಂದಲೂ ಹಾಗೇನಾ?”

ಆಚೆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ರಾಯ್ಸ್ ತಲೆಯೆತ್ತಿದ. ಏನೋ ಹೇಳಲು ತೊಡಗಿದವನು ನಿಲ್ಲಿಸಲೇ ಇಲ್ಲ. ಕೈಯಲ್ಲಿ ಒಂದು ಪಾತ್ರೆಯ ಆಕಾರ ಬರೆದ, ಯಾರೋ ಅದನ್ನು ಮುಗ್ಗರಿಸಿ ಬೀಳಿಸಿದ್ದನ್ನು ಅಭಿನಯಿಸಿದ. ಲುಸಿಂಡಾ ಗಾಜಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು.