ಅರ್ಧ ಇಂಚು ಇಳಿದ ಭುಜ

ನಾನು ಅವರ ಕೈ ಹಿಡಿದದ್ದು ನಾಡಿ ನೋಡುವುದಕ್ಕೆ. ಅವರು ಅದನ್ನು ಬೇರೆಯೇ ತಿಳಿದುಕೊಂಡರು.

ತಪ್ಪು ಅವರದಲ್ಲ. ಒಂದು ಗುರುವಾರ ಬೆಳಿಗ್ಗೆ, ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿದೆಯಲ್ಲ, ಅಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಎತ್ತಿದವರೇ "ಒಂಥರಾ ತಲೆ ತಿರುಗ್ತಾ ಇದೆ" ಎಂದು ಬೆಂಚಿನ ಮೇಲೆ ಕುಸಿದು ಕೂತರು. ನಾನು ಪಕ್ಕದಲ್ಲಿ ಕೂತು ಅವರ ಮಣಿಕಟ್ಟು ಹಿಡಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಇನ್ನೇನು ಮಾಡಿಯಾಳು? ಗೋಡೆ ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿದೆ. ಬಡಿತ ನಡುನಡುವೆ ತಪ್ಪುತ್ತಿತ್ತು, ಅದಕ್ಕೆ ಇನ್ನೊಂದು ನಿಮಿಷ ಎಣಿಸಿದೆ. ಎಣಿಸುವಾಗ ನಾನು ಮಾತಾಡುವುದಿಲ್ಲ. ಅವರೂ ಆಡಲಿಲ್ಲ. ಎರಡು ನಿಮಿಷ ಒಬ್ಬ ಹೆಂಗಸು ತುಟಿಪಿಟಕ್ಕೆನ್ನದೆ ಕೈ ಹಿಡಿದು ಕೂತರೆ, ಅರವತ್ತೇಳು ವರ್ಷದ ಒಂಟಿ ಗಂಡಸು ಏನೆಂದುಕೊಳ್ಳಬೇಕು?

ಅವತ್ತು ನಾನು ಬಾಯಿ ತೆರೆಯುವ ಮೊದಲೇ "ಸರಿಹೋಯ್ತು" ಎಂದು ಎದ್ದು ಹೋದವರು, ಮುಂದಿನ ಗುರುವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಬಟ್ಟೆ ಒಗೆಯಲು ಇಸ್ತ್ರಿ ಶರ್ಟು! ಗಡ್ಡವನ್ನು ನುಣ್ಣಗೆ ಬೋಳಿಸಿ, ಆ ಅವಸರದಲ್ಲಿ ಕಿವಿಯ ಹತ್ತಿರ ಒಂದು ಸಣ್ಣ ಗಾಯವನ್ನೂ ಮಾಡಿಕೊಂಡಿದ್ದರು.

"ಹೋದ ವಾರ ನೀವು ನನ್ನ ಕೈ ಹಿಡ್ಕೊಂಡಿದ್ರಲ್ಲ," ಎಂದು ಶುರುಮಾಡಿದರು, ನನ್ನ ಕಡೆ ನೋಡದೆ, ಮೆಷಿನ್ನಿಗೆ ಸೋಪಿನ ಪುಡಿ ಸುರಿಯುತ್ತಾ. "ಮನೆಗೆ ಹೋಗಿ ತುಂಬಾ ಯೋಚನೆ ಮಾಡ್ದೆ."

"ಒಳ್ಳೇದಾಯ್ತು. ನಾನೂ ಅದೇ ವಿಷಯ ಮಾತಾಡೋಣ ಅಂತಿದ್ದೆ."

"ಹೌದಾ?" ಮುಖ ಇಷ್ಟಗಲ ಆಯಿತು.

"ಹೂಂ. ನಾಡಿ ನೋಡ್ದೆ. ಬಡಿತ ತಪ್ತಾ ಇದೆ. ಉದಾಸೀನ ಮಾಡ್ಬೇಡಿ ಮಾಸ್ಟ್ರೇ, ಡಾಕ್ಟರ ಹತ್ರ ಹೋಗಿ."

ಸೋಪಿನ ಪುಡಿ ಅರ್ಧ ನೆಲಕ್ಕೆ ಚೆಲ್ಲಿತು.

"ನಾಡಿ ನೋಡಿದ್ರಾ?"

"ಮತ್ತೇನಂದ್ಕೊಂಡ್ರಿ?"

"ಏನಿಲ್ಲ. ನಾಡಿ ಅಂತಲೇ ಅಂದ್ಕೊಂಡೆ."

ಸುಳ್ಳು. ಶರ್ಟಿನ ತೋಳಿನ ಮಡಿಕೆ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ನನಗೂ ತಿಳಿಯಿತು. ಆದರೆ ನಾನು ತಿಳಿಯದವಳ ಹಾಗೆ ಗುಂಡಿ ಒತ್ತಿ, ನೀರು ತುಂಬುವುದನ್ನು ನೋಡುತ್ತಾ ನಿಂತೆ. ಆ ವಾರ ಅವರಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು. ಅದನ್ನು ಹೇಳುವುದಕ್ಕೆ ನನಗೇ ಇಷ್ಟವಿರಲಿಲ್ಲ.

ಹಾಗೆ ನೋಡಿದರೆ ನಮ್ಮ ಪರಿಚಯವೇ ಇಂಥ ಎಡವಟ್ಟಿನಿಂದ ಆದದ್ದು. ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ನಾನು ಊರಿನಲ್ಲಿರುವ ತಂಗಿಯ ಜೊತೆ ಫೋನಿನಲ್ಲಿದ್ದೆ. ಎದುರು ಬೆಂಚಿನಲ್ಲಿ ಒಬ್ಬರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಈ ಪರದೇಶದಲ್ಲಿ ಯಾರಿಗೆ ನಮ್ಮ ಭಾಷೆ ಬರಬೇಕು ಎಂಬ ಧೈರ್ಯದಿಂದ ಗಟ್ಟಿಯಾಗಿಯೇ ಹೇಳಿದೆ: "ಇಲ್ಲೊಬ್ಬ ಮುದುಕ ನನ್ನನ್ನೇ ಕೆಕ್ಕರಿಸಿ ನೋಡ್ತಾ ಇದ್ದಾನೆ ಕಣೇ. ವಯಸ್ಸಿಗೆ ತಕ್ಕ ಬುದ್ಧಿ ಬೇಡ್ವಾ?"

ಮುದುಕ ಗಂಟಲು ಸರಿಮಾಡಿಕೊಂಡು ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟ. "ಕೆಕ್ಕರಿಸಿ ನೋಡ್ಲಿಲ್ಲಮ್ಮ. ನಿಮ್ಮ ಎಡಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ. ಅದನ್ನ ನೋಡ್ತಿದ್ದೆ."

ನಾಲಿಗೆ ಕಚ್ಚಿಕೊಂಡೆ. ತಂಗಿ ಅಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು.

ಅವರು ಟೇಲರ್. ಮೂವತ್ತೈದು ವರ್ಷ ಒಂದು ದೊಡ್ಡ ಸೂಟಿನ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿದವರು. ಯಾರನ್ನು ಕಂಡರೂ ಕಣ್ಣಲ್ಲೇ ಅಳತೆ ತೆಗೆಯುವುದು ಅವರಿಗೆ ರೂಢಿ, ಯಾರ ಕೈ ಸಿಕ್ಕರೂ ಬೆರಳು ನಾಡಿಗೆ ಹೋಗುವುದು ನನಗೆ ರೂಢಿ. ಅವರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನನ್ನದು ತಂಗಿಯ ಮದುವೆ ಆಗಲಿ, ಅವಳ ಮಕ್ಕಳು ದೊಡ್ಡವರಾಗಲಿ ಎನ್ನುವುದರಲ್ಲಿ ವಯಸ್ಸು ಕಳೆದುಹೋಗಿತ್ತು. ಅವರು ಮೊದಲ ಮಹಡಿ, ನಾನು ಮೂರನೆಯದು. ಗೋಡೆಗೆ ಅಂಟಿಸಿದ ಸರದಿ ಹಾಳೆಯಲ್ಲಿ ಇಬ್ಬರಿಗೂ ಗುರುವಾರ ಹತ್ತು ಗಂಟೆ. ಅವರು ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು, ನಾನು ಮಾಸ್ಟ್ರು ಎನ್ನುತ್ತಿದ್ದೆ.

ಬೆಡ್‌ಶೀಟು ಮಡಿಸುವುದಕ್ಕೆ ಇಬ್ಬರು ಬೇಕು. ಅದೊಂದು ನೆಪ ಎಂದು ಇಬ್ಬರಿಗೂ ಗೊತ್ತಿತ್ತು. ಆಚೆ ತುದಿ ಅವರು, ಈಚೆ ತುದಿ ನಾನು. ಹತ್ತಿರ ಬಂದು ಅವರ ತುದಿಯನ್ನು ನನ್ನ ಕೈಗೆ ಕೊಡುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಬೆಚ್ಚಗಿನ ಬಟ್ಟೆಯ ವಾಸನೆ. ಆಮೇಲೆ ಅವರು ಬಗ್ಗಿ ಜೋತಾಡುವ ಮಡಿಕೆಯನ್ನು ಎತ್ತಿ, ಎತ್ತಿದವರು ಒಂದು ಕ್ಷಣ ಹೆಚ್ಚೇ ನನ್ನ ಮುಖ ನೋಡುತ್ತಿದ್ದರು. "ಏನು, ಭುಜವಾ?" ಎಂದರೆ "ಭುಜವೇ" ಎನ್ನುತ್ತಿದ್ದರು.

ಇಸ್ತ್ರಿ ಶರ್ಟಿನ ಆ ಗುರುವಾರವೂ ಶೀಟು ಮಡಿಸುವಾಗಲೇ ಹೇಳಿದೆ.

"ಮಾಸ್ಟ್ರೇ, ಇಪ್ಪತ್ತೆಂಟಕ್ಕೆ ಊರಿಗೆ ಹೊರಟಿದ್ದೀನಿ."

"ಎಷ್ಟು ದಿನಕ್ಕೆ?"

"ಪೂರ್ತಿ."

ಅವರು ನನ್ನತ್ತ ಬರುತ್ತಿದ್ದವರು ಅಲ್ಲೇ ನಿಂತರು. ಶೀಟು ನಮ್ಮಿಬ್ಬರ ನಡುವೆ ಜೋತುಬಿದ್ದು ನೆಲ ಮುಟ್ಟಿತು.

"ಇಲ್ಲಿರೋಕೆ ಕೊಟ್ಟ ಪರ್ಮಿಟ್ಟು ತಿಂಗಳ ಕೊನೆಗೆ ಮುಗಿಯುತ್ತೆ," ಎಂದೆ. "ಮುಂದುವರಿಸ್ಬೇಕು ಅಂದ್ರೆ ಸೋಮವಾರ ಹನ್ನೆರಡನೇ ತಾರೀಕಿನ ಒಳಗೆ ಅರ್ಜಿ ಕೊಡ್ಬೇಕು. ಕೊಡಲ್ಲ ಅಂತ ಮಾಡಿದ್ದೀನಿ. ತಂಗಿ ಮೇಲ್ಗಡೆ ಒಂದು ರೂಮು ಕಟ್ಸಿದಾಳೆ. ಅವಳ ಯಜಮಾನ್ರು ಟಿಕೆಟ್ ಕೂಡ ಮಾಡ್ಸಿ ಆಯ್ತು."

"ನಿಮಗೆ ಹೋಗ್ಬೇಕು ಅನ್ಸಿದೆಯಾ?"

"ನಂಗೆ ಸಾಕಾಗಿದೆ ಮಾಸ್ಟ್ರೇ. ಅಷ್ಟೇ ಗೊತ್ತು."

ಅವರು ಬಗ್ಗಿ ಶೀಟು ಎತ್ತಿಕೊಂಡರು, ಧೂಳು ಕೊಡವಿದರು, ನಾಲ್ಕು ಮೂಲೆಯೂ ಸರಿಯಾಗಿ ಕೂಡುವಂತೆ ಮಡಿಸಿ ನನ್ನ ಬುಟ್ಟಿಯಲ್ಲಿಟ್ಟರು. ನನ್ನ ಮುಖ ನೋಡಲಿಲ್ಲ. ಭುಜವನ್ನೂ ನೋಡಲಿಲ್ಲ.

ನಿಜ ಹೇಳಬೇಕೆಂದರೆ ನಾನು ಈ ದೇಶಕ್ಕೆ ಬಂದದ್ದು ಎರಡೇ ವರ್ಷಕ್ಕೆ ಎಂದು. ಎರಡು ವರ್ಷ ಮೂವತ್ತನಾಲ್ಕಾಯಿತು, ಆದರೂ ಮನೆಯ ಗೋಡೆಗೆ ಒಂದು ಮೊಳೆ ಹೊಡೆದವಳಲ್ಲ. ಹೇಗೂ ಹೋಗುವವಳು, ಯಾಕೆ ಸುಮ್ಮನೆ? ಕ್ಯಾಲೆಂಡರು ಫ್ರಿಜ್ಜಿಗೆ ಒರಗಿಕೊಂಡಿದೆ, ಅಪ್ಪ ಅಮ್ಮನ ಫೋಟೋ ಕಿಟಕಿಗೆ ಒರಗಿಕೊಂಡಿದೆ. ಸೀರೆಗಳು ಮಂಚದ ಕೆಳಗಿನ ಸೂಟ್‌ಕೇಸಿನಲ್ಲೇ ಇವೆ. ಒಮ್ಮೆ ಅಕ್ಕಿ ಚೀಲ ಮೇಲೆ ತಂದುಕೊಟ್ಟ ಮಾಸ್ಟ್ರು ಸುತ್ತ ನೋಡಿ, "ನರ್ಸಮ್ಮ, ನಿನ್ನೆ ತಾನೇ ಬಂದಿಳಿದ್ರಾ?" ಎಂದು ಕೇಳಿದ್ದರು.

ಹಾಗಂತ ಊರಿನ ಮನೆಯೂ ನನ್ನದಾಗಿ ಉಳಿದಿರಲಿಲ್ಲ. ಹೋದ ವರ್ಷ ಹದಿನೈದು ದಿನ ಇದ್ದು ಬಂದೆ. ಚಮಚ ಎಲ್ಲಿದೆ ಎಂದು ದಿನವೂ ಕೇಳಬೇಕಾಗುತ್ತಿತ್ತು. ಲೋಟ ತೊಳೆಯಲು ಹೋದರೆ "ಬಿಡಿ ದೊಡ್ಡಮ್ಮ, ನೀವು ಕೂತ್ಕೊಳ್ಳಿ" ಎಂದು ತಂಗಿಯ ಮಗಳು ಕಿತ್ತುಕೊಳ್ಳುತ್ತಿದ್ದಳು. ಎಲ್ಲರೂ ಒಳ್ಳೆಯವರೇ. ಕೂತು ಕೂತು ನನಗೆ ಬೆನ್ನು ನೋವು ಬಂತು.

ಇಲ್ಲಿ ಏನಿದೆ ಎಂದು ಆ ವಾರವೆಲ್ಲ ಯೋಚಿಸಿದೆ. ನನ್ನ ಮೊಣಕಾಲು ನೋವು ತಿಳಿದು, ನಾನು ರಸ್ತೆ ದಾಟುವವರೆಗೆ ಅರ್ಧ ನಿಮಿಷ ಬಸ್ಸು ನಿಲ್ಲಿಸುವ ಡ್ರೈವರಿದ್ದಾನೆ. ಹನ್ನೊಂದು ಗಂಟೆಗೆ ಅಡುಗೆಮನೆಯ ಟೇಬಲ್ಲಿನ ಮೇಲೆ ಬೀಳುವ ಬಿಸಿಲಿದೆ. ಗುರುವಾರವಿದೆ. ಇನ್ನೂ ಹೆಚ್ಚು ಯೋಚಿಸಲು ಹೆದರಿಕೆಯಾಯಿತು. ತಪ್ಪುವ ಆ ನಾಡಿ ನನ್ನ ಬೆರಳಿನಲ್ಲೇ ಉಳಿದುಬಿಟ್ಟಿತ್ತು. ಎಷ್ಟೋ ಜನರ ಹಾಸಿಗೆಯ ಪಕ್ಕ ನಿಂತವಳು ನಾನು, ಇನ್ನೊಬ್ಬರ ಉಸಿರು ಕೇಳುತ್ತಾ ಕೂರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಮುಂದಿನ ಗುರುವಾರ ಮಾಸ್ಟ್ರು ಬರಲಿಲ್ಲ.

ಹತ್ತೂಕಾಲಾಯಿತು, ಹತ್ತೂವರೆಯಾಯಿತು. ನನ್ನ ಮೆಷಿನ್ನು ತಿರುಗುತ್ತಿತ್ತು, ಪಕ್ಕದ್ದು ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು. ನರ್ಸಿನ ತಲೆ, ಕೇಳಬೇಕೇ, ಕೆಟ್ಟದ್ದನ್ನೇ ಮೊದಲು ನೆನೆಯುತ್ತದೆ. ಮೊಣಕಾಲು ಲೆಕ್ಕಿಸದೆ ಮೆಟ್ಟಿಲು ಹತ್ತಿ ಅವರ ಬಾಗಿಲು ಬಡಿದೆ.

ಬಾಗಿಲು ತೆರೆದರು. ಕೊರಳಲ್ಲಿ ಟೇಪು, ತುಟಿಯ ನಡುವೆ ಗುಂಡುಸೂಜಿ, ಕಣ್ಣು ಕೆಂಪಗೆ. ಜೀವಂತ ಇದ್ದಾರೆ ಎಂದು ಕಂಡಮೇಲೆ ಕೋಪ ಬಂತು.

"ಗುರುವಾರ ಅಂತ ಗೊತ್ತಿಲ್ವಾ? ಡಾಕ್ಟರ ಹತ್ರ ಹೋದ್ರಾ ಇಲ್ವಾ?"

ಸೂಜಿ ತೆಗೆದು ಹೇಳಿದರು. "ಹೋಗಿದ್ದೆ. ಮಾತ್ರೆ ಕೊಟ್ಟಿದಾರೆ. ತಗೋತಾ ಇದ್ದೀನಿ. ಬಯ್ಯೋದಾದ್ರೆ ಒಳಗೆ ಬಂದು ಬಯ್ಯಿರಿ."

ಊಟದ ಟೇಬಲ್ಲಿನ ಮೇಲೆ ಸೀಮೆಸುಣ್ಣ, ಕತ್ತರಿ, ದಾರದ ಉಂಡೆ. ಕುರ್ಚಿಯ ಬೆನ್ನಿಗೆ ಒಂದು ಕೋಟು ತೊಡಿಸಿದ್ದರು. ಕಡುಹಸಿರು ಉಣ್ಣೆಯದು, ಮೊಣಕಾಲು ಮುಚ್ಚುವಷ್ಟು ಉದ್ದ.

"ಹಾಕ್ಕೊಂಡು ನೋಡಿ," ಎಂದರು.

"ನನಗಾ? ಅಳತೆಯೇ ತಗೊಂಡಿಲ್ವಲ್ಲ!"

"ಎರಡು ವರ್ಷದಿಂದ ತಗೋತಾ ಇದ್ದೀನಿ."

ಹಾಕಿಕೊಂಡೆ. ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ಸಡಿಲವಿಲ್ಲ. ಎಡಭುಜದ ಒಳಗೆ ಮೆತ್ತಗೆ ಏನೋ ಇಟ್ಟು ಹೊಲಿದಿದ್ದರು. ಕನ್ನಡಿಯಲ್ಲಿ ಎರಡೂ ಭುಜ ಸಮವಾಗಿದ್ದವು. ಎಷ್ಟೋ ವರ್ಷ ರೋಗಿಗಳನ್ನು ಎಡಗೈಯಲ್ಲಿ ಎತ್ತಿ ಕೂರಿಸಿ ಇಳಿದ ಭುಜ ಅದು. ನನಗೆ ಅಳು ಬಂತು. ಅದನ್ನು ಮುಚ್ಚಲು ತಕರಾರು ತೆಗೆದೆ.

"ನಮ್ಮೂರಿನ ಸೆಕೆಗೆ ಉಣ್ಣೆ ಕೋಟಾ ಮಾಸ್ಟ್ರೇ? ಅಲ್ಲಿ ಇದನ್ನ ಹಾಕ್ಕೊಳ್ಳೋಕೆ ಒಂದು ದಿನವೂ ಆಗಲ್ಲ."

"ಗೊತ್ತು."

"ಗೊತ್ತಿದ್ದೂ ಹೊಲಿದ್ರಾ?"

"ಗೊತ್ತಿದ್ದೇ ಹೊಲಿದೆ. ನೀವು ಹೋಗ್ತೀನಿ ಅಂದ್ರಲ್ಲ, ಅವತ್ತು ಮಧ್ಯಾಹ್ನವೇ ಬಟ್ಟೆ ತಂದು ಕತ್ತರಿಸಿದೆ." ಅವರು ತೋಳಿನ ಅಂಚಿನಲ್ಲಿ ಉಳಿದಿದ್ದ ಒಂದು ದಾರ ಕಿತ್ತರು. "ಬಾಯಲ್ಲಿ ಕೇಳೋಕೆ ನನಗೆ ಬರಲ್ಲ. ಇದು ಇಲ್ಲಿ ಮಾತ್ರ ಹಾಕ್ಕೊಳ್ಳೋ ಕೋಟು, ನರ್ಸಮ್ಮ."

ನಾನು ಕುರ್ಚಿ ಹಿಡಿದು ನಿಂತೆ.

"ಮಾಸ್ಟ್ರೇ, ನನಗೆ ಇನ್ನು ಯಾರನ್ನೂ ನೋಡ್ಕೊಳ್ಳೋ ತ್ರಾಣ ಇಲ್ಲ."

"ನೋಡ್ಕೊಳ್ಳಿ ಅಂತ ಯಾರು ಕೇಳಿದ್ರು? ಮಾತ್ರೆ ನಾನೇ ನುಂಗ್ತೀನಿ. ನಿಮಗೆ ಸಾಕಾಗಿದೆ, ನನಗೂ ಸಾಕಾಗಿದೆ. ಸಾಕಾದವರಿಬ್ಬರು ಒಂದು ಕಡೆ ಕೂತ್ಕೊಳ್ಳೋಣ ಅಂತ ಅಷ್ಟೇ."

ಬಾಗಿಲು ಎಳೆದುಕೊಂಡು ಹೊರಟುಬಂದೆ. ಕೋಟು ಮೈಮೇಲೆಯೇ ಇತ್ತು.

ಮನೆಗೆ ಬಂದು ಅದನ್ನು ಬಿಚ್ಚಿದೆ. ಎಲ್ಲಿ ತೂಗುಹಾಕುವುದು? ಕುರ್ಚಿಗೆ ಹಾಕಿದರೆ ಅಂಚು ನೆಲಕ್ಕೆ ತಾಗುತ್ತದೆ. ಬಾಗಿಲ ಹಿಡಿಗೆ ಸಿಕ್ಕಿಸಿದೆ, ಜಾರಿ ಬಿತ್ತು. ಮತ್ತೆ ಸಿಕ್ಕಿಸಿದೆ, ಮತ್ತೆ ಬಿತ್ತು. ಸೂಟ್‌ಕೇಸಿಗೆ ಹಾಕಬಹುದಿತ್ತು. ಅಷ್ಟು ಕಷ್ಟಪಟ್ಟು ಎತ್ತಿದ ಭುಜವನ್ನು ಮಡಚಿ ಪೆಟ್ಟಿಗೆಗೆ ತುಂಬಲು ನನ್ನ ಕೈ ಏಳಲಿಲ್ಲ. ಕೋಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಸಿಲು ಬಿದ್ದ ಟೇಬಲ್ಲಿನ ಮುಂದೆ ಕೂತು ತಂಗಿಗೆ ಫೋನು ಮಾಡಿದೆ.

"ಟಿಕೆಟ್ ಬೇಡ ಅಂತ ಹೇಳ್ಬಿಡೇ. ಆ ರೂಮಲ್ಲಿ ನಿನ್ನ ಮಗಳು ಓದ್ಕೊಳ್ಳಲಿ. ನಾನು ವರ್ಷಕ್ಕೊಂದ್ಸಲ ಬಂದಾಗ ಬಿಟ್ಕೊಟ್ರೆ ಸಾಕು."

"ಆಯ್ತು ಬಿಡು" ಎಂದಳು. ಬೇಜಾರಾಗಿತ್ತು, ಉಸಿರಿನಲ್ಲೇ ಕೇಳಿಸುತ್ತಿತ್ತು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾ, ಆ ಕೆಕ್ಕರಿಸಿ ನೋಡ್ತಿದ್ದ ಮುದುಕನಾ?"

"ಹೂಂ," ಎಂದೆ. "ಅವರೇ."

"ಒಳ್ಳೇವ್ರಾ?"

"ಅಳತೆ ತಪ್ಪಲ್ಲ ಕಣೇ," ಎಂದೆ. ಅವಳು ಅಳುತ್ತಲೇ ನಕ್ಕಳು.

ಖಾಲಿ ಬಿಟ್ಟಿದ್ದ ಪರ್ಮಿಟ್ಟಿನ ಅರ್ಜಿ ಟೇಬಲ್ಲಿನ ಮೇಲೇ ಇತ್ತು. ಹೆಸರು, ಹುಟ್ಟಿದ ದಿನ ತುಂಬಿದೆ. ಇನ್ನೆಷ್ಟು ಕಾಲ ಇರುವಿರಿ ಎಂಬ ಜಾಗದಲ್ಲಿ ಪ್ರತಿ ಸಲವೂ ಎರಡು ವರ್ಷ ಎಂದು ಬರೆಯುತ್ತಿದ್ದೆ. ಈ ಸಲ ಮುಂದಿನ ಚೌಕ ನೋಡಿದೆ, ಕಾಯಂ ಎಂದಿತ್ತು. ಗುರುತು ಹಾಕಿ, ಸಹಿ ಮಾಡಿ, ಕೆಳಗಿಳಿದು ಹೋದೆ.

ಮಾಸ್ಟ್ರು ದಾರದ ಚೂರುಗಳನ್ನು ಗುಡಿಸುತ್ತಿದ್ದರು. ಒಂದೇ ಗಂಟೆಯಲ್ಲಿ ಹತ್ತು ವರ್ಷ ಹೆಚ್ಚಾದವರ ಹಾಗೆ ಕಂಡರು.

"ಸುತ್ತಿಗೆ ಇದೆಯಾ?" ಎಂದು ಕೇಳಿದೆ.

"ಯಾಕೆ?"

"ಗೋಡೆಗೆ ಒಂದು ಮೊಳೆ ಹೊಡೀಬೇಕು."

ಕಸಬರಿಗೆ ಕೈಯಲ್ಲೇ ನಿಂತಿತು. ಅವರಿಗೆ ನನ್ನ ಗೋಡೆಗಳು ಗೊತ್ತು. ಒಳಗೆ ಹೋದರು. ಡ್ರಾಯರುಗಳನ್ನು ಎಳೆದು ಎಳೆದು ಹುಡುಕುವ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಕಣ್ಣು ಒರೆಸಿಕೊಂಡಿದ್ದರು.

ಮೇಲೆ ಬಂದು, ಬಾಗಿಲ ಪಕ್ಕ ಎತ್ತರ ಅಳೆದು, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅಷ್ಟೆಲ್ಲ ಮಾಡಿಯೂ ಮೊಳೆಯನ್ನು ಸೊಟ್ಟಗೆ ಹೊಡೆದರು. "ಅರ್ಧ ಇಂಚು ಇಳೀತು," ಎಂದು ನಾಚಿಕೊಂಡರು. ನಾನು ಕೋಟು ತೂಗುಹಾಕಿದೆ. ನಿಂತಿತು.

ಇಬ್ಬರೂ ಮಂಚದ ಅಂಚಿನಲ್ಲಿ ಕೂತು ಅದನ್ನೇ ನೋಡಿದೆವು. ಮೆಟ್ಟಿಲು ಹತ್ತಿದ್ದಕ್ಕೆ ಅವರು ಏದುಸಿರು ಬಿಡುತ್ತಿದ್ದರು, ನನ್ನ ಮೊಣಕಾಲು ನೋಯುತ್ತಿತ್ತು. ನಾನು ಅವರ ಕೈ ಹಿಡಿದೆ.

"ನಾಡಿನಾ?" ಎಂದು ಕೇಳಿದರು, ಅಲುಗಾಡದೆ.

"ಅಲ್ಲ ಮಾಸ್ಟ್ರೇ. ಸುಮ್ನೆ."

ಅವರು ಬೆರಳು ಮಡಚಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಕೆಳಗೆ ಮೆಷಿನ್ನಿನಲ್ಲಿ ನನ್ನ ಬಟ್ಟೆ ಒದ್ದೆಯಾಗಿಯೇ ಬಿದ್ದಿತ್ತು, ಹನ್ನೆರಡು ಗಂಟೆಯ ಸರದಿಯವರು ಬಂದು ಗೊಣಗಾಡುತ್ತಾರೆ ಎಂದು ನೆನಪಾಯಿತು. ಇಬ್ಬರೂ ಏಳಲಿಲ್ಲ.