ಕೂಡಿಸಬಾರದ ಗೆರೆ

"ಗೆರೆ ಪೂರ್ತಿ ಕೂಡಿಸಬೇಡಿ ಸರ್. ಪ್ರತಿ ಮನೆಯ ಗೆರೆಯಲ್ಲೂ ಎಳ್ಳಿನಷ್ಟು ಜಾಗ ಬಿಡಿ. ಇಲ್ಲಿ ನಕಲು ತೆಗೆಯೋರೆಲ್ಲ ಹಾಗೇ ಮಾಡೋದು."

ದಾಖಲೆ ಕೋಣೆಯ ಗುಮಾಸ್ತೆ ಇಷ್ಟು ಹೇಳಿ, ಊರಿನ ಹಳೆಯ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದಳು. ನುಸಿಗುಳಿಗೆಯ ಘಾಟು, ಅದರಡಿಯಲ್ಲಿ ಏನೋ ಕೊಳೆತ ಸಿಹಿ ವಾಸನೆ. ಕಿಟಕಿಯಿಲ್ಲದ ಆ ಕೋಣೆಗೆ ಮಧ್ಯಾಹ್ನವೂ ದೀಪ ಬೇಕಿತ್ತು.

ಬಂದವನು ಕಟ್ಟಡಗಳ ನಕ್ಷೆ ಬರೆದೇ ಹೊಟ್ಟೆ ಹೊರೆಯುವವನು. ಮನೆತನದ ಚರಿತ್ರೆ ಬರೆಯುವ ಹುಚ್ಚು ಹತ್ತಿತ್ತು. ಮುತ್ತಜ್ಜ ಕೊಂಡಿದ್ದನೆನ್ನುವ ಮನೆಯಲ್ಲೇ ಹೆಂಡತಿ, ಪುಟ್ಟ ಮಗಳೊಡನೆ ಅವನ ವಾಸ. ಆ ಮನೆಯ ಹಳೆಯ ಗುರುತು ಅವನಿಗೆ ಬೇಕಿತ್ತು.

"ಕೂಡಿಸಿದ್ರೆ ಮನೆಗೆ ಉಸಿರು ಕಟ್ಟುತ್ತಾ?" ಎಂದು ನಕ್ಕ.

ಅವಳು ನಗಲಿಲ್ಲ. "ಊರಿಗೆ ದೊಡ್ಡ ರೋಗ ಬಂದಾಗ ಒಂದು ಮನೆ ಬಾಗಿಲಿಗೆ ಹೊರಗಿಂದ ಹಲಗೆ ಬಡಿದ್ರು. ಒಳಗಿದ್ದೋರಿಗೆ ಇನ್ನೂ ಜೀವ ಇತ್ತು. ಯಜಮಾನ ಪರಊರಲ್ಲಿದ್ದ. ವಾಪಸ್ ಬಂದು ಈ ನಕ್ಷೆ ಬರೆದ, ಮಾಟ ಇಟ್ಟ. ಗೆರೆ ಕೂಡಿಸಿದೋನ ಮನೆ ಮುಚ್ಚಿಹೋಗುತ್ತೆ."

"ಯಾವ ಮನೆ ಅದು?"

"ನಿಮ್ಮನೆ ಯಾವುದು, ಮೊದ್ಲು ತೋರ್ಸಿ."

ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳದೆಯೇ ಒಂದು ಸಪೂರ ಮೊನೆಯ ಪೆನ್ನು ತಂದಿಟ್ಟಳು. ಜಾಗ ಬಿಡಿ ಅನ್ನುವುದು ಅರೆಬರೆ ನಕಲು ಕೊಟ್ಟು ಜನರನ್ನು ಅಲೆದಾಡಿಸುವ ಕಚೇರಿ ಬುದ್ಧಿ ಎಂದುಕೊಂಡ. ಆದರೂ ಈ ಉಪಚಾರವೇಕೆಂಬ ಗುಮಾನಿ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಟ್ರೇಸಿಂಗ್ ಹಾಳೆ ಹಾಸಿ ಗೆರೆ ಎಳೆದ. ತನ್ನ ಮನೆಯ ಮುಂಭಾಗದ ಗೆರೆಯಲ್ಲಿ ಸಣ್ಣ ಬಿರುಕು ಉಳಿಯಿತು. ಇಪ್ಪತ್ತು ವರ್ಷ ಪಳಗಿದ ಕೈ ಅದನ್ನು ಹಾಗೇ ಬಿಡಲು ಒಪ್ಪಲಿಲ್ಲ. ಕೂಡಿಸಿದ.

ಎಲ್ಲೋ ಮೊಳೆ ಬಡಿದ ಸದ್ದು. ಮತ್ತೊಂದು. ಫೋನು ಅದುರಿತು.

"ರೀ, ಬಾಗಿಲು ಕಾಣ್ತಿಲ್ಲ." ಹೆಂಡತಿ.

"ಚಿಲಕ ಸಿಕ್ಕೊಂಡಿರುತ್ತೆ ನೋಡು."

"ಬಾಗಿಲೇ ಇಲ್ಲ ಅಂತಿದ್ದೀನಿ. ಬರೀ ಗೋಡೆ. ಕಿಟಕಿನೂ ಹೋಯ್ತು. ಕತ್ತಲೆ ರೀ. ಉಸಿರಾಡಕ್ಕಾಗ್ತಿಲ್ಲ."

ಹಿಂದೆ ಮಗಳು ಕೆಮ್ಮುತ್ತಿದ್ದಳು. ಅವನು ತಲೆಯೆತ್ತಿದರೆ ಗುಮಾಸ್ತೆ ಆಗಲೇ ಬ್ಲೇಡು ಹಿಡಿದು ನಿಂತಿದ್ದಳು.

"ಕೆರೀರಿ. ಗೆರೆ ಬಿಡಿಸಿ."

ಯೋಚಿಸಲು ಪುರುಸೊತ್ತಿರಲಿಲ್ಲ. ಕೆರೆದ. ಮಸಿ ಹೋಗಲಿಲ್ಲ. ಮತ್ತೆ ಕೆರೆದ. ಕೊಳೆತ ವಾಸನೆ ಮೂಗಿಗೆ ಅಡರಿತು. ಬ್ಲೇಡು ಬೆರಳನ್ನು ಕುಯ್ದಿತು. ರಕ್ತ. ಕೆರೆದ. ಫೋನಿನಲ್ಲಿ ಕೆಮ್ಮೂ ನಿಂತಿತು. ಕೆರೆದ. ಹಾಳೆಯ ಎಳೆ ಎದ್ದಿತು. ಗೆರೆ ಬಾಯಿ ಬಿಟ್ಟಿತು.

ಫೋನಿನೊಳಗೆ ಹಲಗೆ ಸೀಳಿದ ಸದ್ದು.

"ಬಂದ್ವಿ ರೀ. ಇಬ್ರೂ ಹೊರಗೆ ಬಂದ್ವಿ."

ಅವನು ಕುರ್ಚಿಯಲ್ಲಿ ಕುಸಿದು ನಾಚಿಕೆ ಬಿಟ್ಟು ಅತ್ತ.

"ರೀ..." ಅವಳ ದನಿ ಇಳಿಯಿತು. "ನಮ್ಮ ಹಿಂದೆ ಇನ್ನೂ ಯಾರೋ ಬರ್ತಿದ್ದಾರೆ. ನಮ್ಮನೆ ಒಳಗಿಂದ. ಒಬ್ಬೊಬ್ರೇ."

ಗುಮಾಸ್ತೆ ಫೋನಿನತ್ತ ಬಾಗಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಏಳು ಜನ ಇದ್ದಾರಾ ಅಂತ ಕೇಳಿ. ನಮ್ಮ ಕುಟುಂಬದೋರು ಅವ್ರು, ಈ ನಕ್ಷೆ ಬರೆದೋನು ನಮ್ಮ ಮುತ್ತಜ್ಜ. ನಿಮ್ಮ ಮುತ್ತಜ್ಜ ಮನೆ ಕೊಳ್ಳಲಿಲ್ಲ ಸರ್, ಹಲಗೆ ಬಡಿದು ತಗೊಂಡ. ಮುಚ್ಚಿದ್ದನ್ನ ಅವನ ವಂಶದ ಕೈಯೇ ತೆಗೀಬೇಕಿತ್ತು."

ಅತ್ತಲಿಂದ ಹೆಂಡತಿ ಪಿಸುಗುಟ್ಟಿದಳು.

"ಕೊನೇದು ಒಂದು ಮಗು ರೀ. ನಮ್ಮ ಪಾಪು ಕೈ ಹಿಡ್ಕೊಂಡಿದೆ. ಒಳಗೆ ಎಳೀತಿದೆ. ಬಿಡ್ತಾನೇ ಇಲ್ಲ."